ಒರೆಸಿದ ಚುಕ್ಕೆ

ಸೋಮವಾರ, ಫೆಬ್ರವರಿ ೩

ಇಂದು ಬೆಳಗ್ಗೆಯಿಂದ ಈ ಮನೆಯಲ್ಲಿ ತಮಾಷೆಗೆ ನಿಷೇಧಾಜ್ಞೆ ಜಾರಿಯಾಗಿದೆ. ಹೊರಡಿಸಿದವರು ಅಮ್ಮ, ಸ್ಥಳ ಅಡುಗೆಮನೆ, ಮೊಹರಿನ ಬದಲು ಸೌಟು.

“ಮಾವನಿಗೆ ನಾಳೆ ಆಪರೇಷನ್ನು. ನಿನ್ನ ತರಲೆ ಎಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕು. ಅವನೆದುರು ಹಲ್ಲು ಕಿಸಿದ್ರೆ ನೋಡು ಮತ್ತೆ!”

ಅಟ್ಟದಲ್ಲಿ ಜಾಗವಿಲ್ಲ, ಮಾವನ ಹಳೇ ಕ್ಯಾಮೆರಾ ಪೆಟ್ಟಿಗೆಗಳೇ ತುಂಬಿವೆ. ಆದ್ದರಿಂದ ತರಲೆಯನ್ನೆಲ್ಲ ಈ ದಿನಚರಿಗೆ ತುಂಬಲು ತೀರ್ಮಾನಿಸಲಾಗಿದೆ. ಓದುವವರಿಲ್ಲದ ಕಡೆ ನಕ್ಕರೆ ಕಾನೂನು ಭಂಗವಾಗುವುದಿಲ್ಲ ಎಂದು ನನ್ನ ವಕೀಲರು, ಅಂದರೆ ನಾನು, ಹೇಳಿದ್ದಾರೆ.

ಮುಂದಿನ ಪೀಳಿಗೆಗಾಗಿ ಪ್ರಕರಣದ ವಿವರ. ಮಾವ ಅಂದರೆ ಅಮ್ಮನ ತಮ್ಮ. ಮನೆಯ ಕೆಳಗಿನ ಅಂತಸ್ತಿನಲ್ಲಿ ಅವನ ಫೋಟೋ ಸ್ಟುಡಿಯೋ. ವಾರವೆಲ್ಲ ಮನುಷ್ಯರ ಮುಖ ತೆಗೆಯುತ್ತಾನೆ, ಭಾನುವಾರ ಕೆರೆಗೆ ಹೋಗಿ ಹಕ್ಕಿಗಳದ್ದು. “ಗದ್ದ ಇಳಿಸಿ ಅಂದ್ರೆ ಹಕ್ಕಿಗಳೂ ಕೇಳಲ್ಲ. ಆದ್ರೆ ಫೋಟೋ ಚೆನ್ನಾಗಿ ಬರ್ಲಿಲ್ಲ ಅಂತ ಜಗಳಕ್ಕೆ ಬರಲ್ಲ ನೋಡು” ಅನ್ನುತ್ತಾನೆ.

ಹೋದ ತಿಂಗಳು ಕೆರೆಯಲ್ಲಿ ಅವನಿಗೆ ಕಪ್ಪು ಚುಕ್ಕೆಗಳು ಕಾಣಲು ಶುರುವಾದವು. ಬೇರೆ ಯಾರಾದರೂ ಆಗಿದ್ದರೆ ಕಣ್ಣು ತೋರಿಸಿಕೊಳ್ಳುತ್ತಿದ್ದರು. ನಮ್ಮ ಮಾವ ಕ್ಯಾಮೆರಾವನ್ನು ಒರೆಸಿದ. ಲೆನ್ಸ್ ಉಜ್ಜಿದ. ಒಳಗಿನ ಸೆನ್ಸರಿನ ಮೇಲೆ ಧೂಳು ಕೂತಿದೆ ಎಂದು ರಬ್ಬರ್ ಬುಡ್ಡೆಯಿಂದ ಪುಸ್ ಪುಸ್ ಗಾಳಿ ಊದಿದ. ಕ್ಯಾಮೆರಾ ಮಾಡಿದವರ ವಂಶವನ್ನೆಲ್ಲ ಬೈದ. ಒಂದು ಬೆಳಗ್ಗೆ ಬ್ರೆಡ್ಡಿನ ಮೇಲಿಂದ ಏನನ್ನೋ ಕೊಡವತೊಡಗಿದ. “ಇರುವೆ” ಅಂದ. ನಾಟಕವಿರಬೇಕು ಎಂದುಕೊಂಡು ನಾನೂ ಸೇರಿಕೊಂಡೆ. ಇಬ್ಬರೂ ಇಲ್ಲದ ಇರುವೆಗಳನ್ನು ಗಂಭೀರವಾಗಿ ಕೊಡವಿದೆವು. ಆಮೇಲೆ ನಾನೊಬ್ಬಳೇ ನಗುತ್ತಿದ್ದೇನೆ ಎಂದು ಗೊತ್ತಾಯಿತು.

ಬಲಗಣ್ಣಿನ ರೆಟಿನಾ ಕಿತ್ತು ಬಂದಿದೆಯಂತೆ. ಡಾಕ್ಟರಮ್ಮ ಹೇಳಿದ್ದು: “ಗೋಡೆಯಿಂದ ಬಣ್ಣದ ಕಾಗದ ಸುರುಳಿ ಬಿಚ್ಕೊಳ್ಳುತ್ತಲ್ಲ, ಹಾಗೆ. ಅಂಟಿಸೋಣ. ಎಷ್ಟು ದೃಷ್ಟಿ ಬರುತ್ತೆ ಅಂತ ಈಗ ಹೇಳೋಕಾಗಲ್ಲ.” ಎಡಗಣ್ಣು ಚಿಕ್ಕಂದಿನಿಂದ ಸೋಮಾರಿ; ಬಾಗಿಲು ಇದೆ ಅಂತ ತಿಳಿಸುತ್ತದೆ, ಬಂದವರು ಯಾರು ಅಂತ ತಿಳಿಸುವುದಿಲ್ಲ. ಅಂದರೆ ಮಾವನ ನೋಟವೆಲ್ಲ ಆ ಒಂದು ಬಲಗಣ್ಣಿನದೇ.

ಇದರ ಮೇಲೆ ಇದೇ ೨೨ಕ್ಕೆ ಲೈಬ್ರರಿಯ ಹಾಲ್‌ನಲ್ಲಿ ಮಾವನ ಹಕ್ಕಿ ಚಿತ್ರಗಳ ಪ್ರದರ್ಶನ. ಅವನ ಜೀವಮಾನದ ಮೊದಲನೆಯದು. ಚಿತ್ರಗಳನ್ನು ತಿದ್ದಿ, ಚೌಕಟ್ಟಿಗೆ ಹೊಂದಿಸಿ, ಪ್ರಿಂಟಿಗೆ ಕಳಿಸುವ ಕೆಲಸ ಇನ್ನೂ ಶುರುವೇ ಆಗಿಲ್ಲ. ಅಮ್ಮ ಮುಂದಕ್ಕೆ ಹಾಕೋಣ ಅಂದಳು.

“ಬೇಡಕ್ಕ. ಆಮೇಲೆ ಹ್ಯಾಗೋ ಏನೋ. ಇವಳ ಎರಡು ಕಣ್ಣು ಸುಮ್ನೆ ಖಾಲಿ ಬಿದ್ದಿವೆಯಲ್ಲ, ಇವಳೇ ಮಾಡ್ಲಿ.”

ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿರುವ ನನ್ನಂಥ ಘನವ್ಯಕ್ತಿಯ ಕಣ್ಣುಗಳನ್ನು ಖಾಲಿ ಸೈಟಿನ ಹಾಗೆ ಹಂಚಲಾಯಿತು.

ಬುಧವಾರ, ಫೆಬ್ರವರಿ ೫

ಆಪರೇಷನ್ ಆಯಿತು. ಮಾವನ ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೆ ಏಳುತ್ತದೆ. ಅದು ಕಣ್ಣಿನ ಹಿಂಗೋಡೆಯನ್ನು ಒತ್ತಿ ಹಿಡಿದು, ಅಂಟು ಒಣಗುವ ತನಕ ಅಲ್ಲೇ ನಿಲ್ಲಬೇಕಾದರೆ ಮಾವ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಕೂತರೂ ಮುಖ ಕೆಳಗೆ, ಮಲಗಿದರೂ ಕೆಳಗೆ, ಉಂಡರೂ ಕೆಳಗೆ.

ಪಕ್ಕದ ಮನೆಯ ಟೈಲರ್ ಅಂಕಲ್ ನಡುವೆ ತೂತಿರುವ ದಿಂಬು ಹೊಲಿದು ತಂದರು. ಮಾವ ಮಂಚದ ಅಂಚಿಗೆ ಅದನ್ನಿಟ್ಟು ಮುಖ ಹೂತು ಮಲಗಿದ್ದಾನೆ. ಚಹಾ ಸ್ಟ್ರಾದಲ್ಲಿ. ಇನ್ನು ಮುಂದೆ ಇವರನ್ನು ಅಧೋಮುಖ ಸಾರ್ವಭೌಮರು ಎಂದು ಕರೆಯತಕ್ಕದ್ದು.

“ಏನೇ ತರಲೆ, ನಿನ್ನ ಕಾಲುಗುರು ನೋಡೋಕೆ ಆಗ್ತಿಲ್ಲ ಅಂತ ಖುಷಿಯಾಗಿದೆ ನಂಗೆ” ಎಂದು ದಿಂಬಿನ ತೂತಿನಿಂದ ಸಾರ್ವಭೌಮರ ಮೊದಲ ಅಪ್ಪಣೆ ಬಂತು.

ಅಮ್ಮ ಬಾಗಿಲಲ್ಲಿದ್ದಳು. ನಾನು ನಗಲಿಲ್ಲ. ತುಟಿ ಕಚ್ಚಿಕೊಂಡದ್ದು ಇನ್ನೂ ನೋಯುತ್ತಿದೆ.

ಗುರುವಾರ, ಫೆಬ್ರವರಿ ೬

ಕಂಪ್ಯೂಟರನ್ನು ಮಾವನ ಕೋಣೆಗೆ ಸಾಗಿಸಲಾಯಿತು. ಅವನ ತಲೆಯ ಪಕ್ಕ ಮೇಜು, ಮೇಜಿನ ಮುಂದೆ ನಾನು. ಏರ್ಪಾಡು ಹೀಗೆ: ನಾನು ಚಿತ್ರ ನೋಡಿ ಹೇಳಬೇಕು, ಅವನು ಕೇಳಿ ತಿದ್ದಿಸಬೇಕು. ಮೊದಲ ಕಾನೂನು, ಮೂಲ ಚಿತ್ರವನ್ನು ಯಾವ ಕಾರಣಕ್ಕೂ ಮುಟ್ಟಕೂಡದು, ಪ್ರತಿ ಮಾಡಿಕೊಂಡೇ ಕೈಯಾಡಿಸಬೇಕು.

“ಹೇಳು, ಏನು ಕಾಣ್ತಿದೆ?”

“ಹಕ್ಕಿ.”

“ಪರವಾಗಿಲ್ವೇ! ನಾನು ಆನೆ ಅಂದ್ಕೊಂಡಿದ್ದೆ. ಆಮೇಲೆ?”

“ಕೊಂಬೆ.”

“ಎಂಥ ಹಕ್ಕಿ?”

“ಕಂದು.”

ದಿಂಬು ನಿಟ್ಟುಸಿರು ಬಿಟ್ಟಿತು. ಹೀಗೆ ಏಳೆಂಟು ಚಿತ್ರಗಳು ಕಳೆದವು. ಕಂದು ಹಕ್ಕಿ ಕೊಂಬೆ. ಬಿಳಿ ಹಕ್ಕಿ ನೀರು. ಬೇಜಾರು ಬಂದು ಒಂದು ಗೂಬೆಗೆ ಕನ್ನಡಕ ಬರೆದೆ.

“ಮಾವ, ಈ ಗೂಬೆ ಕನ್ನಡಕ ಹಾಕ್ಕೊಂಡಿದೆ.”

“ಯಾವ ಕಣ್ಣಿಗೆ ಪವರ್ ಜಾಸ್ತಿ ಕಾಣ್ತಿದೆ ನೋಡಿ ಹೇಳು. ಎಡಗಣ್ಣಲ್ಲಿ ಒಂದು ಬೆಳಕಿನ ಚುಕ್ಕೆ ಇರ್ಬೇಕು. ಸೂರ್ಯ. ಅದು ಕಾಣ್ತಿದ್ಯಾ?”

ಕನ್ನಡಕ ತೆಗೆದು ದೊಡ್ಡದು ಮಾಡಿ ನೋಡಿದೆ. ನಿಜ, ಗೂಬೆಯ ಕಣ್ಣಲ್ಲಿ ಸಾಸಿವೆಯಷ್ಟು ಸೂರ್ಯ. ಅದರ ಪಕ್ಕದಲ್ಲಿ ಇನ್ನೂ ಸಣ್ಣದಾಗಿ, ಕ್ಯಾಮೆರಾ ಹಿಡಿದು ಬಗ್ಗಿ ನಿಂತ ಮಾವ. ಅದನ್ನು ಹೇಳಲಿಲ್ಲ. ಸುಮ್ಮನೆ ಜಂಬ ಏರಿಬಿಡುತ್ತದೆ ಅವನಿಗೆ.

ಶನಿವಾರ, ಫೆಬ್ರವರಿ ೮

ಸಾರ್ವಭೌಮರಿಗೆ ಕಿವಿಯಲ್ಲೇ ಕಣ್ಣು ಬಂದಿದೆ. ಮಿಂಚುಳ್ಳಿಯ ಬಣ್ಣ ಸ್ವಲ್ಪ ಎದ್ದು ಕಾಣಲಿ ಅಂತ ಮೌಸ್ ಎಳೆಯುತ್ತಿದ್ದೆ.

“ಇಷ್ಟು ಹೊತ್ತು ಎಳೀತಿದೀಯಲ್ಲ, ಏನು, ಪಾಪದ್ದನ್ನ ಶಾಯಿ ಬಾಟ್ಲಿಗೆ ಅದ್ದಿದ್ಯಾ? ವಾಪಸ್ ತಾ.”

ವಾಪಸ್ ತಂದೆ. ಆಮೇಲೆ ಕೊಕ್ಕರೆ. ಹಕ್ಕಿ ದೊಡ್ಡದಾಗಿ ಕಾಣಲೆಂದು ಸುತ್ತಲಿನದನ್ನೆಲ್ಲ ಕತ್ತರಿಸಿ ಹಾಕಿದ್ದೆ.

“ಯಾವ ಕಡೆ ನೋಡ್ತಿದೆ ಅದು?”

“ಎಡಕ್ಕೆ.”

“ಎಡಗಡೆ ಎಷ್ಟು ಜಾಗ ಬಿಟ್ಟಿದೀಯ?”

“ಒಂದು ಬೆರಳು.”

“ಗೋಡೆ ಕಡೆ ಮುಖ ಮಾಡಿ ನಿಲ್ಲಿಸ್ಬಿಟ್ಟಿದೀಯಲ್ಲೇ! ಹೋಂವರ್ಕ್ ಮಾಡಿಲ್ವಾ ಅದು? ನೋಡೋ ಕಡೆ ಜಾಗ ಬಿಡ್ಬೇಕು ಕಣೇ. ಕಾಲು ಇದ್ಯಾ?”

“ಅರ್ಧ ಇದೆ.”

“ಉಳಿದರ್ಧ ಕೊಡು. ನಿಲ್ಲೋಕೆ ಸ್ವಲ್ಪ ನೀರೂ ಕೊಡು.”

ಕೊಟ್ಟೆ. ಹಕ್ಕಿ ಚಿಕ್ಕದಾಯಿತು, ಆದರೆ ಅದಕ್ಕೆ ಎಲ್ಲೋ ಹೋಗುವುದಿದೆ ಅನ್ನಿಸತೊಡಗಿತು. ವಿಚಿತ್ರ.

ಇನ್ನು ಧೂಳು. ಮಾವನ ಸೆನ್ಸರಿನ ಮೇಲೆ ನಿಜವಾಗಿಯೂ ಎರಡು ಧೂಳಿನ ಕಣ ಕೂತಿದ್ದವು. ಪ್ರತಿ ಚಿತ್ರದಲ್ಲೂ ಅವು ಅದೇ ಜಾಗದಲ್ಲಿ, ಬಲಗಡೆ ಮೇಲೆ ಒಂದರ ಪಕ್ಕ ಒಂದು, ಮದುವೆ ಮನೆಯ ಹಿರಿಯರಂತೆ ಕೂತಿರುತ್ತವೆ. ದೊಡ್ಡಪ್ಪ, ಚಿಕ್ಕಪ್ಪ ಎಂದು ಹೆಸರಿಟ್ಟಿದ್ದೇನೆ. “ಆಕಾಶದಲ್ಲಿ ಚುಕ್ಕೆ ಕಂಡ್ರೆ ಧೂಳು ಅಂತ ತಿಳ್ಕೊ, ಒರೆಸಿಬಿಡು” ಅಂದಿದ್ದಾನೆ. ಎಲ್ಲ ಚಿತ್ರಗಳಿಂದಲೂ ಹಿರಿಯರನ್ನು ಸಕಲ ಮರ್ಯಾದೆಯೊಂದಿಗೆ ಬೀಳ್ಕೊಡಲಾಗುತ್ತಿದೆ.

ಸೋಮವಾರ, ಫೆಬ್ರವರಿ ೧೦

ತಪಾಸಣೆ. “ಅಂಟಿದ ಹಾಗಿದೆ. ಆದ್ರೆ ನೋಟದ ಬಗ್ಗೆ ಈಗ್ಲೇ ಏನೂ ಹೇಳಲ್ಲ” ಅಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ಮಾವ ಚಿತ್ರ ಬೇಡ ಅಂದ. ಇವತ್ತು ಬರೆಯಲು ತರಲೆ ಇಲ್ಲ.

ಮಂಗಳವಾರ, ಫೆಬ್ರವರಿ ೧೧

ಎಲ್ಲ ಚಿತ್ರಗಳೂ ಪ್ರಿಂಟಿಗೆ ಹೋದವು. ಕೊನೆಯದು ಎದುರು ಗೋಡೆಗೆ ಹಾಕುವ ದೊಡ್ಡದು: ಕೆಸರಿನಲ್ಲಿ ಸಾಲಾಗಿ ನಿಂತ ಉಲ್ಲಂಕಿಗಳು. ಉಲ್ಲಂಕಿ ಅಂದರೆ ನೀರಂಚಿನಲ್ಲಿ ತುರುತುರು ಓಡುವ, ಮುಷ್ಟಿಯಷ್ಟೇ ಇರುವ ಹಕ್ಕಿ. ಕಣ್ಣು ಕೈಕೊಡುವ ಮುಂಚಿನ ಕೊನೇ ಭಾನುವಾರ ತೆಗೆದದ್ದು. ವಿವರಿಸಲು ಹೊರಟರೆ ಮಾವ ತಡೆದ.

“ಅದನ್ನ ಹೇಳೋದು ಬೇಡ. ಅದು ನಂಗೆ ಬಾಯಿಪಾಠ. ನನ್ನ ಜೀವಮಾನದಲ್ಲಿ ಒಂದು ಚಿತ್ರ ಸರಿಯಾಗಿ ಬಿದ್ದಿದ್ರೆ ಅದೇ. ಧೂಳು ಒರೆಸಿ ಕಳ್ಸು, ಅಷ್ಟೇ.”

ಒರೆಸಿದೆ. ಇದರಲ್ಲಿ ದೊಡ್ಡಪ್ಪ, ಚಿಕ್ಕಪ್ಪನ ಜೊತೆಗೆ ಎಡಮೂಲೆಯಲ್ಲಿ ಹೊಸ ನೆಂಟರೊಬ್ಬರು ಕೂತಿದ್ದರು. ಅವರನ್ನೂ ಕಳಿಸಿಕೊಟ್ಟೆ. ಮೇಲೆ ಮುಕ್ಕಾಲು ಪಾಲು ಬರೀ ಆಕಾಶ, ದಂಡ. ಕೈಗೆ ಬಂದ ಕಲೆ ಸುಮ್ಮನಿರಗೊಡದೆ ಅದನ್ನೂ ಅರ್ಧ ಕತ್ತರಿಸಿದೆ. ಗುರುವನ್ನು ಮೀರಿಸಿದ ಶಿಷ್ಯೆ ಎಂದು ಇತಿಹಾಸ ನನ್ನನ್ನು ನೆನೆಯಲಿ.

ಗುರುವಾರ, ಫೆಬ್ರವರಿ ೧೩

ಇಂದು ಮಹತ್ಕಾರ್ಯವೊಂದು ಜರುಗಿತು. ಪ್ರದರ್ಶನದಲ್ಲಿ ಒಂದು ಹೆಚ್ಚುವರಿ ಹಕ್ಕಿಯನ್ನು ಗುಟ್ಟಾಗಿ ಸೇರಿಸುವುದೆಂದು ತೀರ್ಮಾನಿಸಿದ್ದೇನೆ: ಟೈಲರ್ ಅಂಕಲ್ ಅವರ ಕೋಳಿ.

ಅದಕ್ಕೆ ಕಾಡುಹಕ್ಕಿಗೆ ಸಲ್ಲುವ ಎಲ್ಲ ಗೌರವ ಸಲ್ಲಬೇಕು. ಮಾವನ ದೊಡ್ಡ ಲೆನ್ಸ್ ಹಾಕಿಕೊಂಡು ಅವರ ಹಿತ್ತಲಲ್ಲಿ ಬೋರಲು ಮಲಗಿದೆ. ಕೋಳಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕಲ್ಲ. ಅದು ಕೆದಕಿತು, ಬೆನ್ನು ತೋರಿಸಿತು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹೋಗಿ ಮರೆಯಾಯಿತು. ಕಾದೆ. ಮೋಡ ಬಂದು ಕಣ್ಣಿನ ಹೊಳಪು ಹೋಯಿತು. ಮತ್ತೆ ಕಾದೆ. ಮೊಣಕೈಗೆ ಜೋಮು ಹಿಡಿಯಿತು. ಕೊನೆಗೊಮ್ಮೆ ಅದು ತಲೆ ಎತ್ತಿ, ಕಣ್ಣಲ್ಲಿ ಸೂರ್ಯನನ್ನಿಟ್ಟುಕೊಂಡು, ಸಾಮ್ರಾಜ್ಯ ಕಳೆದುಕೊಂಡ ರಾಣಿಯಂತೆ ಬಲಕ್ಕೆ ನೋಡಿತು.

ಟೈಲರ್ ಅಂಕಲ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಾಗಿಲಿಗೆ ಬಂದರು. “ಏನಮ್ಮಾ, ಬೆಳಗ್ಗೆಯಿಂದ ಬಿದ್ಕೊಂಡಿದೀಯ, ಹುಷಾರಿಲ್ವಾ?”

ನೋಡಿದರೆ ಮಧ್ಯಾಹ್ನವಾಗಿತ್ತು. ಗಡಿಯಾರ ಕೆಟ್ಟಿರಬೇಕು.

ಚಿತ್ರದ ಶೀರ್ಷಿಕೆ: ‘ನಿರ್ವಾಸಿತ ಮಹಾರಾಣಿ’.

ಶುಕ್ರವಾರ, ಫೆಬ್ರವರಿ ೧೪

ಮಧ್ಯಾಹ್ನ ಮಾವ ಕರೆದ. ಧ್ವನಿ ದಿಂಬಿನೊಳಗೆ ಹೂತುಹೋಗಿತ್ತು.

“ಆ ಉಲ್ಲಂಕಿದು ಹೇಳ್ತೀಯಾ? ನಿನ್ನೆಯಿಂದ ನೆನಪು ಮಾಡ್ಕೊಳ್ತಿದೀನಿ, ಮನಸ್ಸಲ್ಲೂ ಮಸುಕಾಗ್ತಿದೆ.”

ಹೇಳಿದೆ. ಕೆಸರು ಕಬ್ಬಿಣದ ಬಣ್ಣಕ್ಕಿದೆ, ನೀರು ಇಳಿದುಹೋದ ಗೆರೆಗಳು ಅದರ ಮೇಲೆ ಇನ್ನೂ ಹಸಿಯಾಗಿವೆ. ಹನ್ನೊಂದು ಹಕ್ಕಿಗಳು. ಎಡದಿಂದ ಮೂರನೆಯದು ಒಂದು ಕಾಲು ಎತ್ತಿ ಇಡುವುದನ್ನೇ ಮರೆತಿದೆ, ಬೆರಳಿನಿಂದ ಒಂದು ಹನಿ ಬೀಳುವುದರಲ್ಲಿದೆ. ಕೊನೆಯದರ ಕೊಕ್ಕಿನಲ್ಲಿ ಹುಳು ಹಾಗೇ ಉಳಿದಿದೆ, ನುಂಗಿಲ್ಲ. ಎಲ್ಲವೂ ತಲೆ ಓರೆ ಮಾಡಿ, ಒಂದೇ ಕಣ್ಣು ಮೇಲಕ್ಕೆ ಮಾಡಿ ನಿಂತಿವೆ. ಹಕ್ಕಿಗೆ ಮೇಲೆ ನೋಡಬೇಕಾದರೆ ಹಾಗೆ ಒಂದೇ ಕಣ್ಣಿನಿಂದ ನೋಡಬೇಕು.

“ಹ್ಞೂಂ” ಅಂದ. ಉಸಿರು ಹಗುರಾದ ಹಾಗಿತ್ತು. “ಮೇಲೆ?”

“ಮೇಲೆ ಆಕಾಶ.”

“ಆಕಾಶದಲ್ಲಿ?”

“ಏನಿಲ್ಲ ಮಾವ. ಚೊಕ್ಕವಾಗಿದೆ.”

ದಿಂಬಿನ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ, “ಏನೂ ಇಲ್ವಾ? ಸರಿ ಬಿಡು” ಅಂದ. ಅದಾದ ಮೇಲೆ ಚಹಾ ಕೊಟ್ಟರೂ ಸ್ಟ್ರಾ ಬಾಯಿಗೆ ಹಚ್ಚಲಿಲ್ಲ.

ಹನ್ನೊಂದು ಹಕ್ಕಿಗಳು ಹುಳು ನುಂಗುವುದನ್ನು ಬಿಟ್ಟು ಏನನ್ನು ನೋಡುತ್ತಿದ್ದವು? ಸ್ಟುಡಿಯೋಗೆ ಇಳಿದು ಮೂಲ ಚಿತ್ರ ತೆರೆದೆ. ದೊಡ್ಡಪ್ಪ, ಚಿಕ್ಕಪ್ಪ ಬಲಗಡೆ ತಮ್ಮ ಜಾಗದಲ್ಲಿದ್ದರು. ಎಡಮೂಲೆಯಲ್ಲಿ ಹೊಸ ನೆಂಟ. ಮಾವ ಒಂದರ ಹಿಂದೊಂದು ತೆಗೆದಿದ್ದರಿಂದ ಮುಂದಿನ ಚಿತ್ರ ಒತ್ತಿದೆ. ದೊಡ್ಡಪ್ಪ, ಚಿಕ್ಕಪ್ಪ ಅಲ್ಲೇ. ನೆಂಟ ಕೆಳಗೆ ಬಂದಿದ್ದ. ಅದರ ಮುಂದಿನದರಲ್ಲಿ ಅವನಿಗೆ ರೆಕ್ಕೆಗಳಿದ್ದವು.

ಗಿಡುಗ.

ಅಷ್ಟು ಆಕಾಶ ಬಿಟ್ಟದ್ದೇ ಅದಕ್ಕೆ. ನಾನು ಗಿಡುಗವನ್ನು ಒರೆಸಿ, ಅದು ಹಾರಿ ಬರುವ ದಾರಿಯನ್ನೂ ಕತ್ತರಿಸಿ, ಗೋಡೆಯಷ್ಟು ದೊಡ್ಡದಾಗಿ ಪ್ರಿಂಟಿಗೆ ಕಳಿಸಿದ್ದೇನೆ.

ಮೊದಲು ಹೊಳೆದ ವಿಷಯ ಬರೆಯುತ್ತೇನೆ, ಓದುವವರು ಯಾರೂ ಇಲ್ಲವಲ್ಲ: ಕಣ್ಣು ಬಾರದೇ ಹೋದರೆ ಮಾವನಿಗೆ ಇದು ಗೊತ್ತಾಗುವುದೇ ಇಲ್ಲ.

ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಶನಿವಾರ, ಫೆಬ್ರವರಿ ೧೫

ಬೆಳಗ್ಗೆಯೇ ಮಾವನ ಮಂಚದ ಕೆಳಗೆ ಬೆನ್ನಮೇಲೆ ಮಲಗಿ, ದಿಂಬಿನ ತೂತಿನ ನೇರಕ್ಕೆ ಮುಖವಿಟ್ಟೆ. ಮುಖ ನೋಡಿ ಹೇಳಬೇಕಾದ ಮಾತಿಗೆ ಬೇರೆ ದಾರಿಯಿರಲಿಲ್ಲ. ಅವನ ಬಲಗಣ್ಣಿಗೆ ಪಟ್ಟಿ, ಎಡಗಣ್ಣು ನನ್ನ ಮೂಗಿನ ಆಚೆ ಎಲ್ಲೋ ನೋಡುತ್ತಿತ್ತು.

“ಯಾರದು, ತರಲೆನಾ? ಮಂಚದ ಕೆಳಗೆ ಏನೇ ಮಾಡ್ತಿದೀಯ?”

“ಮಾವ, ಆ ಚಿತ್ರದಲ್ಲಿ ಗಿಡುಗ ಇತ್ತು. ನಾನು ಧೂಳು ಅಂತ ಒರೆಸ್ಬಿಟ್ಟೆ. ಆಕಾಶನೂ ಕತ್ತರಿಸ್ದೆ. ಹಾಗೇ ಪ್ರಿಂಟಿಗೂ ಕಳಿಸ್ಬಿಟ್ಟಿದೀನಿ.”

ಬೈಗುಳಕ್ಕೆ ಕಾದೆ. ಮಂಚ ಅಲ್ಲಾಡಿತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ನಗಬಾರದು, ತಲೆ ಅಲ್ಲಾಡಿಸಬಾರದು, ಆದರೂ ನಗುತ್ತಿದ್ದ.

“ಇತ್ತಾ? ನಿಜವಾಗ್ಲೂ ಇತ್ತಾ ಅದು?”

“ಇತ್ತು ಮಾವ. ಮುಂದಿನ ಚಿತ್ರದಲ್ಲಿ ಇನ್ನೂ ಕೆಳಗೆ ಬಂದಿದೆ. ರೆಕ್ಕೆ ಮಡಚಿದೆ.”

“ನಿನ್ನೆ ನೀನು ಏನಿಲ್ಲ ಅಂದ್ಯಲ್ಲ... ಅದೂ ನನ್ನ ಕಣ್ಣಿಂದೇ ಚುಕ್ಕೆ ಅಂದ್ಕೊಂಡೆ ಕಣೇ. ಇರುವೆ ಕೊಡವಿದ್ನಲ್ಲ, ಹಾಗೆ ಇಲ್ಲದ ಗಿಡುಗನ ನೋಡ್ಕೊಂಡು ಜೀವಮಾನದ ಚಿತ್ರ ತೆಗ್ದೆ ಅಂತ ಬೀಗಿದ್ದೀನಲ್ಲಪ್ಪ ಅನ್ನಿಸ್ಬಿಡ್ತು.”

ನಾನು ಎರಡು ಸಲ ಕಣ್ಣು ಒರೆಸಿಕೊಂಡೆ. ಮಂಚದ ಕೆಳಗೆ ಧೂಳು ಬಹಳ ಇದೆ.

“ಹೋಗೇ, ಮೊದ್ಲು ಪ್ರಿಂಟ್ ನಿಲ್ಸು. ಆಮೇಲೆ ಬಂದು ಬೈಸ್ಕೊ. ಮರೀಬೇಡ, ಬಾಕಿ ಇದೆ.”

ಪ್ರಿಂಟ್ ಅಂಗಡಿಯ ಅಕ್ಕ ಅಷ್ಟರಲ್ಲಾಗಲೇ ಅದನ್ನು ಪ್ರಿಂಟ್ ಮಾಡಿ ಹಲಗೆಗೆ ಅಂಟಿಸಿ ಒರಗಿಸಿದ್ದರು. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟರು.

“ಒಂದು ಚುಕ್ಕೆಗೋಸ್ಕರ ಇಷ್ಟು ದೊಡ್ಡದು ಇನ್ನೊಂದ್ಸಲನಾ? ಪೆನ್ನಲ್ಲಿ ಇಟ್ಬಿಡು, ಯಾರು ನೋಡ್ತಾರೆ!”

“ಹನ್ನೊಂದು ಜನ ನೋಡ್ತಿದಾರೆ ಅಕ್ಕ” ಎಂದು ಉಲ್ಲಂಕಿಗಳನ್ನು ತೋರಿಸಿದೆ. ಪೆನ್ ಡ್ರೈವಿನಿಂದ ಮೂಲ ಚಿತ್ರ ತೆರೆದು, ದೊಡ್ಡಪ್ಪ, ಚಿಕ್ಕಪ್ಪರನ್ನು ಮಾತ್ರ ಒರೆಸಿ ಮುಂದಿಟ್ಟೆ. ಅಕ್ಕ ಅದನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದರು. ಆಮೇಲೆ ಹೊಸ ಕಾಗದದ ಸುರುಳಿ ಏರಿಸಿದರು.

“ಸುಮ್ನೆ ನಿಂತ್ಕೋಬೇಡ. ಆ ರಟ್ಟೆಲ್ಲ ನೀನೇ ಕತ್ತರಿಸು. ಕತ್ತರಿಸೋದು ಅಂದ್ರೆ ನಿಂಗೆ ಬಲು ಇಷ್ಟ ಅಲ್ವಾ?”

ಸಂಜೆಯ ತನಕ ರಟ್ಟು ಕತ್ತರಿಸಿದೆ. ಇಂಥ ಸುಖವಾದ ಶಿಕ್ಷೆ ಈವರೆಗೆ ಯಾರಿಗೂ ಆಗಿರಲಾರದು.

ಬುಧವಾರ, ಫೆಬ್ರವರಿ ೧೯

ಸೋಮವಾರದಿಂದ ಮಾವ ತಲೆ ಎತ್ತಬಹುದು, ಪಟ್ಟಿಯೂ ಇಲ್ಲ. ಆದರೆ ಕಣ್ಣ ತುಂಬ ಗುಳ್ಳೆಯೇ ಇದ್ದುದರಿಂದ ಬರೀ ಅಲುಗುವ ಬೂದು ಬೆಳಕು. “ಕೆರೆ ಒಳಗೆ ಮುಳುಗಿ ಕಣ್ಬಿಟ್ಟ ಹಾಗಿದೆ” ಎಂದು ಎರಡು ದಿನ ಗೋಡೆ ಸವರಿಕೊಂಡು ಓಡಾಡಿದ. ಗುಳ್ಳೆ ಕರಗುತ್ತಾ ಹೋದ ಹಾಗೆ ಮೇಲಿನಿಂದ ಕೆಳಕ್ಕೆ ನೋಟ ತೆರೆದುಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಬೇಕು ಎಂದಿದ್ದರು, ತೆರೆದುಕೊಳ್ಳುತ್ತದೆ ಎಂದಿರಲಿಲ್ಲ. ನಾವು ಮೂವರೂ ಆ ‘ಬೇಕು’ವಿನ ಸುದ್ದಿಯೆತ್ತದೆ ಊಟ ಮಾಡುತ್ತಿದ್ದೆವು.

ಇವತ್ತು ಬೆಳಗ್ಗೆ ಮಾವ ಕೈಯಲ್ಲಿದ್ದ ಲೋಟ ಇಟ್ಟ.

“ಅಕ್ಕ, ಆ ಫ್ಯಾನಿನ ಪಕ್ಕ ಅಷ್ಟು ದೊಡ್ಡ ಜೇಡರಬಲೆ ಕಟ್ಟಿದೆಯಲ್ಲೇ!”

ಅಮ್ಮ ನಿಂತಲ್ಲೇ ನಿಂತಳು. “ಎಲ್ಲೋ?”

“ಅಲ್ಲಿ, ಮೂಲೇಲಿ. ಒಂದು ನೊಣ ಬೇರೆ ಸಿಕ್ಕಾಕ್ಕೊಂಡಿದೆ.”

ನಾನು ಕುರ್ಚಿ ಹತ್ತಿ ನೋಡಿದೆ. ನೊಣ ಇತ್ತು.

“ಕಣ್ಣು ಬಂದ ತಕ್ಷಣ ನನ್ನ ಮನೆ ಜೇಡರಬಲೇನೇ ಕಾಣ್ಬೇಕಿತ್ತೇನೋ ನಿಂಗೆ!” ಎಂದು ಅಮ್ಮ ಪೊರಕೆ ತಂದಳು. ತಂದವಳು ಹೊಡೆಯಲಿಲ್ಲ. ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. ಆಮೇಲೆ ನಕ್ಕವರಲ್ಲಿ ಮೊದಲಿಗಳು ಅವಳೇ. ನಿಷೇಧಾಜ್ಞೆ ರದ್ದಾಗಿದೆ ಎಂದು ನಾನು ಅಧಿಕೃತವಾಗಿ ಭಾವಿಸಿದ್ದೇನೆ.

ಬಲೆ ಇನ್ನೂ ಅಲ್ಲೇ ಇದೆ. ಅಮ್ಮ ಯಾರಿಗೂ ಮುಟ್ಟಗೊಡುತ್ತಿಲ್ಲ.

ಶನಿವಾರ, ಫೆಬ್ರವರಿ ೨೨

ಪ್ರದರ್ಶನ. ಮಾವನಿಗೆ ಈಗ ಮೇಲಿನ ಅರ್ಧ ಕಾಣುತ್ತದೆ. ಅದರ ಕೆಳಗೆ ಗುಳ್ಳೆಯ ಅಂಚು ನೀರಿನ ಮಟ್ಟದಂತೆ ಅಲ್ಲಾಡುತ್ತದೆ. ಲೈಬ್ರರಿಗೆ ಬಂದವರನ್ನೆಲ್ಲ ಅವನು ಕೂದಲಿನಿಂದ ಗುರುತು ಹಿಡಿದ. ಟೈಲರ್ ಅಂಕಲ್‌ಗೆ ಕೂದಲಿಲ್ಲವಾದ್ದರಿಂದ ಅವರನ್ನು ಇನ್ನೂ ಬೇಗ ಹಿಡಿದ.

ಎದುರು ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅವನಿಗೆ ಕಾಣುವುದು ಚಿತ್ರದ ಮೇಲ್ಭಾಗವಷ್ಟೇ, ನಾನು ಮೊದಲು ಕತ್ತರಿಸಿ ಎಸೆದಿದ್ದ ಆಕಾಶ. ನನ್ನ ಭುಜದ ಮೇಲಿದ್ದ ಅವನ ಕೈ ಬಿಗಿಯಾಯಿತು.

“ಅಗೋ” ಅಂದ. “ಬರ್ತಿದೆ.”

ಸ್ವಲ್ಪ ಹೊತ್ತಾದ ಮೇಲೆ, “ಕೆಳಗಿನವರು ಹೇಗಿದಾರೆ?” ಎಂದು ಕೇಳಿದ.

ಎಡದಿಂದ ಶುರು ಮಾಡಿದೆ. ಮೊದಲನೆಯದರ ಎದೆಯ ಮೇಲಿನ ಕೆಸರಿನ ಕಲೆ, ಎರಡನೆಯದರ ಕಣ್ಣಲ್ಲಿ ಚೂರು ಆಕಾಶ, ಮೂರನೆಯದರ ಬೆರಳಿನ ಹನಿ. ಹನ್ನೊಂದನೆಯದಕ್ಕೆ ಬಂದು ಹಿಂದೆ ತಿರುಗಿದರೆ ಜನ ನಿಂತು ಕೇಳುತ್ತಿದ್ದರು. ಪ್ರಿಂಟ್ ಅಂಗಡಿಯ ಅಕ್ಕ ಯಾರಿಗೋ, “ಆ ಚುಕ್ಕೆ ನೋಡಿದ್ರಾ? ಅದಕ್ಕೇ ಸ್ಪೆಷಲ್ಲಾಗಿ ಪ್ರಿಂಟ್ ಮಾಡಿದ್ದು” ಎಂದು ಹೇಳುತ್ತಿದ್ದರು.

‘ನಿರ್ವಾಸಿತ ಮಹಾರಾಣಿ’ಯನ್ನು ಬಾಗಿಲ ಹತ್ತಿರ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ, ಮೊಣಕಾಲೆತ್ತರಕ್ಕೆ ತೂಗುಹಾಕಿದ್ದೇನೆ. ಮಾವನ ನೋಟ ಅಲ್ಲಿಗೆ ಇಳಿಯಲು ಇನ್ನೂ ವಾರಗಳು ಬೇಕು. ಟೈಲರ್ ಅಂಕಲ್ ಅದರ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು.

“ಇದನ್ನ ಎಲ್ಲೋ ನೋಡಿದ ಹಾಗಿದೆಯಲ್ಲಮ್ಮ.”

“ಅಪರೂಪದ್ದು ಅಂಕಲ್. ನೀವು ನೋಡಿರೋ ಸಾಧ್ಯತೆ ಕಮ್ಮಿ.”

“ಇರ್ಬಹುದು” ಎಂದು ಗೌರವದಿಂದ ಕೈಕಟ್ಟಿಕೊಂಡರು.

ಶನಿವಾರ, ಮಾರ್ಚ್ ೧೫

ನಡುವೆ ಬರೆಯಲು ಪುರುಸೊತ್ತಾಗಲಿಲ್ಲ. ಸ್ಟುಡಿಯೋ ಕೆಲಸ, ಬೆಳಗ್ಗೆ ಹೊತ್ತು ಕೆರೆ. ಮಾವ ಹೇಳಿದನೆಂದು ಹೋದದ್ದಲ್ಲ, ನಾಳೆ ಅವನು ಬಂದಾಗ ಹಕ್ಕಿಗಳು ಎಲ್ಲಿ ಕೂರುತ್ತವೆಂದು ಗೊತ್ತಿರಲಿ ಅಂತ.

ಗುಳ್ಳೆ ಹೆಚ್ಚುಕಡಿಮೆ ಕರಗಿದೆ. ಉಳಿದದ್ದು ಒಂದು ಕಪ್ಪು ಮಣಿಯಷ್ಟು, ಅವನು ನೋಡಿದ ಕಡೆಯೆಲ್ಲ ಉರುಳುತ್ತದೆ. ನೋಟ ಸ್ವಲ್ಪ ಮಂಜು, ಗೆರೆಗಳು ಕೊಂಚ ಸೊಟ್ಟ. “ಹಕ್ಕಿ ಯಾವುದು ಅಂತ ಗೊತ್ತಾಗುತ್ತೆ. ಗಂಡೋ ಹೆಣ್ಣೋ ಅದನ್ನ ಅದೇ ಹೇಳ್ಬೇಕು” ಅನ್ನುತ್ತಾನೆ. ಡಾಕ್ಟರಮ್ಮ ಮೊನ್ನೆ ಅವನಿಗಿಂತ ಜೋರಾಗಿ ನಕ್ಕರು. ನಕ್ಕ ಡಾಕ್ಟರನ್ನು ನಾನು ಕಂಡದ್ದು ಅದೇ ಮೊದಲು.

ಇವತ್ತು ಚಿತ್ರಗಳನ್ನು ಇಳಿಸುವ ದಿನ. ಮಾವ ಒಂದೊಂದರ ಮುಂದೆಯೂ ನಿಂತು, ನಾನು ಹೇಳಿದ್ದನ್ನೆಲ್ಲ ಸರಿಯೋ ತಪ್ಪೋ ತಾಳೆ ನೋಡಿದ. ಹನಿ ಇತ್ತು. ಹುಳು ಇತ್ತು. ಗೂಬೆಯ ಕಣ್ಣಿಗೆ ಮೂಗು ತಾಗಿಸಿ ನೋಡಿ, “ಇಲ್ಲಿ ಯಾರೋ ನಿಂತಿದಾರೆ, ನೀನು ಹೇಳ್ಲೇ ಇಲ್ಲ” ಅಂದ. ಕೊನೆಗೆ ಬಾಗಿಲ ಹತ್ತಿರ ಬಂದು, ಬಗ್ಗಿ, ಕುಕ್ಕರಗಾಲಲ್ಲಿ ಕೂತ. ನಾನು ಕಂಬದ ಹಿಂದೆ ಸರಿದೆ.

ಬಹಳ ಹೊತ್ತು ನೋಡಿದ.

“ಕಣ್ಣು ಚೆನ್ನಾಗಿ ಬಂದಿದೆ” ಅಂದ. “ಎಷ್ಟು ಹೊತ್ತು ಕಾದೆ?”

“ಅರ್ಧ ದಿನ.”

“ಆದ್ರೆ ಬಲಗಡೆ ಜಾಗ ಸಾಲದು. ನೋಡೋ ಕಡೆ ಜಾಗ ಬಿಡು ಅಂತ ಎಷ್ಟು ಸಲ ಬಡ್ಕೊಂಡಿದೀನಿ?”

“ಬಿಡೋಕಾಗ್ಲಿಲ್ಲ ಮಾವ. ಅಲ್ಲಿ ಟೈಲರ್ ಅಂಕಲ್ ಪೈಜಾಮ ಒಣಗ್ತಿತ್ತು.”

ಲೈಬ್ರರಿಯಲ್ಲಿ ಗಲಾಟೆ ಮಾಡಬಾರದು ಎಂಬ ಫಲಕದ ಕೆಳಗೇ ಕೂತು ಸಾರ್ವಭೌಮರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕಣ್ಣಲ್ಲಿ ನೀರು ಬರಬಹುದೋ ಇಲ್ಲವೋ ಡಾಕ್ಟರಮ್ಮನನ್ನು ಕೇಳಿರಲಿಲ್ಲ. ಬರಲಿ ಬಿಡಿ.

ಚಿತ್ರಗಳನ್ನು ಹೊತ್ತು ಮೆಟ್ಟಿಲಿಳಿದೆವು. ಮಹಾರಾಣಿಯನ್ನು ಮಾವ ತಾನೇ ಕಂಕುಳಲ್ಲಿಟ್ಟುಕೊಂಡಿದ್ದ. ರಸ್ತೆಯ ಬದಿಯಲ್ಲಿ ತಟ್ಟನೆ ನಿಂತು ತಲೆ ಓರೆ ಮಾಡಿ, ಬಲಗಣ್ಣನ್ನು ಮೇಲಕ್ಕೆ ಮಾಡಿದ.

“ತರಲೆ, ಅಲ್ಲೊಂದು ಕಪ್ಪು ಚುಕ್ಕೆ ಇದೆ. ನನ್ನ ಕಣ್ಣಲ್ಲೋ, ಆಕಾಶದಲ್ಲೋ?”

ನಾನೂ ತಲೆ ಓರೆ ಮಾಡಿದೆ. ಆಕಾಶದಲ್ಲೇ ಎನ್ನಲು ಅವಸರವಾಯಿತು, ಆದರೂ ಕಾದೆ. ಚುಕ್ಕೆ ಮೋಡದ ಅಂಚಿನ ತನಕ ಬಂದು, ಓರೆಯಾಗಿ ತಿರುಗಿ, ರೆಕ್ಕೆ ಬಿಚ್ಚಿತು.

“ನಂಗೂ ಕಾಣ್ತಿದೆ ಮಾವ.”